ನಿಮ್ಮ ಲೆಕ್ಕದಲ್ಲಿ 1 ಕಿ.ಮೀ.ಗೆ 18 ರೂಪಾಯಿ

ನಮಸ್ಕಾರ.

ನೀವು ಕಳಿಸಿದ ‘ಅನುಪಾತ: ದಿನನಿತ್ಯದ ಲೆಕ್ಕಗಳು’ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಏಳನೇ ತರಗತಿ ಮಕ್ಕಳ ಅಪ್ಪ ಅಮ್ಮಂದಿರಿಗೆ ಅಂತ ಬರೆದಿದ್ದೀರಿ. ಹನ್ನೊಂದು ಲೆಕ್ಕಗಳಿವೆ. ಎಲ್ಲಕ್ಕೂ ಒಂದೇ ದಾರಿ: ಅಂಕಿ ಬರೆ, ಅಡ್ಡ ಗುಣಿಸು, ಭಾಗಿಸು. ಪೆನ್ನು ಹೋಗಿ ಬಾಳೆಹಣ್ಣು ಬರುತ್ತದೆ, ಬಾಳೆಹಣ್ಣು ಹೋಗಿ ಪೆಟ್ರೋಲು ಬರುತ್ತದೆ, ಅಷ್ಟೇ. ಗುಣಾಕಾರ ಎಲ್ಲೂ ತಪ್ಪಿಲ್ಲ. ಎಡವಿರುವುದು ಅದಕ್ಕೂ ಮುಂಚೆ.

ನಿಮ್ಮ ಆಟೋ ಲೆಕ್ಕವನ್ನೇ ನೋಡಿ. ಬೆಂಗಳೂರಿನಲ್ಲಿ 2 ಕಿ.ಮೀ.ಗೆ 36 ರೂಪಾಯಿ, ಆದ್ದರಿಂದ 10 ಕಿ.ಮೀ.ಗೆ 180, 1 ಕಿ.ಮೀ.ಗೆ 18 ಎಂದಿದ್ದೀರಿ. 180 ಸರಿ. 2025ರ ಆಗಸ್ಟ್‌ನಲ್ಲಿ ಬಂದ ಮೀಟರ್ ದರ ಹಾಗೇ ಇದೆ: ಮೊದಲ 2 ಕಿ.ಮೀ.ಗೆ ಕನಿಷ್ಠ 36, ಆಮೇಲೆ ಪ್ರತಿ ಕಿ.ಮೀ.ಗೆ 18. ಆದರೆ 1 ಕಿ.ಮೀ. ಹೋಗಿ ಇಳಿದರೂ 36 ಕೊಡಬೇಕು. ಅರ್ಧ ಕಿ.ಮೀ.ಗೂ ಅಷ್ಟೇ. ಅದೇ ಮೀಟರು, ಅದೇ ದರ. 2 ಕಿ.ಮೀ. ದಾಟಿದರೆ ಅನುಪಾತ ಕೂಡಿಬರುತ್ತದೆ, ಅದಕ್ಕಿಂತ ಕಡಿಮೆಯಾದರೆ ಕೈಕೊಡುತ್ತದೆ. ಇಂಥ ಉದಾಹರಣೆ ಹುಡುಕಿದರೂ ಸಿಗಲ್ಲ. ನೀವು ಎರಡೇ ಸಾಲಿನಲ್ಲಿ ಮುಗಿಸಿ ಪೆನ್ನಿಗೆ ಹೋಗಿಬಿಟ್ಟಿದ್ದೀರಿ.

ಒಂದು ಅರ್ಧವಾದರೆ ಇನ್ನೊಂದೂ ಅರ್ಧವಾಗುತ್ತಾ? ಈ ಪ್ರಶ್ನೆ ಲೇಖನದಲ್ಲಿ ಎಲ್ಲೂ ಇಲ್ಲ. ಸುಣ್ಣ ಹೊಡೆಯುವ ಲೆಕ್ಕ ಕೆಟ್ಟಿದ್ದೂ ಅದರಿಂದಲೇ. 4 ಜನಕ್ಕೆ 6 ದಿನ ಬೇಕಾದರೆ 8 ಜನಕ್ಕೆ 12 ದಿನ ಎಂದು ಬರೆದಿದ್ದೀರಿ. ಕೈ ಜಾಸ್ತಿಯಾದರೆ ಕೆಲಸ ಬೇಗ ಮುಗಿಯಬೇಕು, ಅಲ್ವಾ? 3 ದಿನ ಸಾಕು.

ಇಡ್ಲಿ ಹಿಟ್ಟಿನ ಲೆಕ್ಕ ನನಗೆ ತುಂಬಾ ಹಿಡಿಸಿತು. 3 ಪಾವು ಅಕ್ಕಿಗೆ 1 ಪಾವು ಉದ್ದು. ನೆಂಟರು ಬಂದಿದ್ದಾರೆ, 5 ಪಾವು ಅಕ್ಕಿ ನೆನೆಹಾಕಿದರೆ ಉದ್ದು ಎಷ್ಟು? ಇದನ್ನು ಮನೆಯಲ್ಲಿ ಮಗಳಿಗೆ ಕೇಳಿದೆ. ತಕ್ಷಣ “ಮೂರು” ಅಂದಳು. ಅಕ್ಕಿ ಎರಡು ಪಾವು ಹೆಚ್ಚಿತು, ಉದ್ದೂ ಎರಡು ಪಾವು ಹೆಚ್ಚಲಿ ಅಂತ. ತುಂಬಾ ಮಕ್ಕಳು ಮುಗ್ಗರಿಸುವುದು ಇಲ್ಲೇ. ಎಷ್ಟು ಪಟ್ಟು ಅಂತ ನೋಡುವುದಿಲ್ಲ, ಎಷ್ಟು ಜಾಸ್ತಿ ಅಂತ ನೋಡುತ್ತಾರೆ. ನಾನು ಅಡ್ಡ ಗುಣಾಕಾರದ ಮಾತೆತ್ತಲಿಲ್ಲ. ಲೋಟದಲ್ಲಿ ಅಳೆದು ಪೇಪರ್ ಮೇಲೆ ಗುಡ್ಡೆ ಹಾಕಿಸಿದೆ. ಈ ಕಡೆ ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದು. ಆ ಕಡೆ ಐದು, ಮೂರು. “ಅಯ್ಯೋ, ಬರೀ ಉದ್ದೇ ಕಾಣ್ತಿದೆ” ಅಂದಳು. ಆಮೇಲೆ ಒಂದು ಲೋಟ ಉದ್ದನ್ನು ಮೂರು ಪಾಲು ಮಾಡಿ, ಒಂದು ಲೋಟ ಅಕ್ಕಿಗೆ ಒಂದು ಪಾಲಿನಂತೆ ತಾನೇ ಇಡುತ್ತಾ ಹೋದಳು. ಐದು ಪಾಲು. ಅಂದರೆ ಒಂದೂಮುಕ್ಕಾಲು ಲೋಟಕ್ಕೆ ಚೂರು ಕಡಿಮೆ. ನಿಮ್ಮ ಲೇಖನದಲ್ಲಿ ನನಗೆ ಆ ಗುಡ್ಡೆಗಳು ಬೇಕು.

ಮೊದಲ ಒಂದೂವರೆ ಪುಟದ ಇತಿಹಾಸ ತೆಗೆಯಿರಿ. ಗೊತ್ತಿರುವ ಮೂರು ಅಂಕಿಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ತ್ರೈರಾಶಿಕದ ಸೂತ್ರ 499ರ ಹೊತ್ತಿಗೇ ಆರ್ಯಭಟನಲ್ಲಿದೆ, ನಿಜ. ಆದರೆ ಓದುಗರು ಇಡ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತಾರೆ. ಅಲ್ಲಿಂದ ಮೂರು ಮಾತು ಮಾತ್ರ ಉಳಿಸಿಕೊಳ್ಳಿ: ಪ್ರಮಾಣ, ಫಲ, ಇಚ್ಛೆ. 3 ಪಾವು ಅಕ್ಕಿ ಪ್ರಮಾಣ, 1 ಪಾವು ಉದ್ದು ಫಲ, 5 ಪಾವು ಅಕ್ಕಿ ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸುವುದು. ‘ಇಚ್ಛೆ’ ಎಷ್ಟು ಹತ್ತಿರದ ಮಾತು! ಒಬ್ಬರ ಹೆಸರು ಬೇಕೇ ಬೇಕು ಅನ್ನಿಸಿದರೆ ರಾಜಾದಿತ್ಯನನ್ನು ತನ್ನಿ. 12ನೇ ಶತಮಾನದಲ್ಲೇ ಕನ್ನಡದಲ್ಲಿ ಗಣಿತ ಬರೆದವನು.

ಉಳಿದ ಎಂಟು ಲೆಕ್ಕ ಬಿಡಿ. ಆಟೋ, ಸುಣ್ಣ, ಇಡ್ಲಿ ಸಾಕು. ಆಟೋದಿಂದ ಶುರು ಮಾಡಿ. ಕಳಿಸುವ ಮುಂಚೆ ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಂದು ಮಗುವಿಗೆ ಮೂರೂ ಲೆಕ್ಕ ಕೊಟ್ಟು, ಅದು ಏನು ಹೇಳಿತೋ ಹಾಗೇ ಬರೆದುಕೊಳ್ಳಿ. ತಪ್ಪು ಉತ್ತರವನ್ನೂ ಸೇರಿಸಿ.