ಏಳನೆಯ ಪುಟದಿಂದ ಶುರು ಮಾಡಿ

ಮಾನ್ಯರೇ,

ಸುಂಟಿಕೊಪ್ಪದಿಂದ ನೀವು ಕಳುಹಿಸಿರುವ, ಕ್ರಿಯಾಪದಕ್ಕೆ 'ಅಪ್', 'ಆಫ್'ನಂಥ ಪುಟ್ಟ ಪದ ಸೇರಿ ಬೇರೆ ಅರ್ಥ ಕೊಡುವ ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳನ್ನು ಕಲಿಸುವ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಹನ್ನೊಂದು ಪುಟಗಳಲ್ಲಿ ಒಂಬತ್ತು ಬರೀ ಪಟ್ಟಿ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಒಂದೇ ಒಂದು ಕನ್ನಡ ಅರ್ಥ. ಆ ಕೆಲಸಕ್ಕೆ ನಿಘಂಟು ಸಾಕು.

'ಪಿಕ್ ಅಪ್ ಎಂದರೆ ಎತ್ತಿಕೊಳ್ಳು' ಎಂದು ಬರೆದು ಮುಂದೆ ಹೋಗಿದ್ದೀರಿ. ಕಾಫಿ ತೋಟದ ನಡುವೆ ಬೆಳೆದವರು ಇಲ್ಲಿ ಸ್ವಲ್ಪ ನಿಲ್ಲಬೇಕಿತ್ತು. ಗಿಡದಿಂದ ಹಣ್ಣು ಕೊಯ್ಯುವುದು 'ಪಿಕ್'; ಬುಡದಲ್ಲಿ ಉದುರಿಬಿದ್ದದ್ದನ್ನು ಬಗ್ಗಿ ಹೆಕ್ಕುವುದು 'ಪಿಕ್ ಅಪ್'. ಒಂದು 'ಅಪ್' ಸೇರಿದ್ದಕ್ಕೆ ಕೆಲಸವೇ ಬೇರೆಯಾಯಿತು. ಸಂಜೆ ಶಾಲೆಯಿಂದ ಮಕ್ಕಳನ್ನು ಜೀಪಿನಲ್ಲಿ ಕರೆತರುವುದೂ, ಹೊರಗಿನಿಂದ ಬಂದವರು ಕೇಳಿ ಕೇಳಿಯೇ ಕೊಡವ ತಕ್ಕ್ ಭಾಷೆ ಕಲಿತುಕೊಳ್ಳುವುದೂ, ಗಾಳಿ ಬಿರುಸಾಗುವುದೂ ಅದೇ 'ಪಿಕ್ ಅಪ್' ಆಗಿರುವಾಗ, ಯಾವ ಅರ್ಥ ಎಲ್ಲಿಗೆ ಎಂಬುದನ್ನು ಅಕ್ಕಪಕ್ಕದ ಮಾತು ಹೇಳಬೇಕೇ ಹೊರತು ಪಟ್ಟಿ ಹೇಳಲಾರದು.

'ಅಪ್' ಬಂದಲ್ಲೆಲ್ಲ 'ಮೇಲೆ' ಎಂಬ ನಿಮ್ಮ ಸೂತ್ರವೂ ನಿಲ್ಲುವುದಿಲ್ಲ. 'ಈಟ್ ಅಪ್', 'ಡ್ರಿಂಕ್ ಅಪ್' ಎಂಬಲ್ಲಿ ಅದು ಕೆಲಸ ಪೂರ್ತಿಯಾಗುವುದನ್ನು ಸೂಚಿಸುತ್ತದೆ. ನಮ್ಮ 'ತಿಂದುಬಿಡು', 'ಕುಡಿದುಬಿಡು'ಗಳಲ್ಲಿ 'ಬಿಡು' ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ಕಾಫಿಯ ಹೂ ಅರಳಿಸುವ ಹೂಮಳೆ ಬಾರದ ವರ್ಷ ಬೆಳೆಗಾರರು 'ಮಳೆ ಕೈಕೊಟ್ಟಿತು' ಎಂದರೆ ಯಾರೂ ಮಳೆಯ ಕೈಯನ್ನು ಹುಡುಕುವುದಿಲ್ಲ. 'ಲೆಟ್ ಡೌನ್' ಎಂಬುದನ್ನು ವಿವರಿಸಲು ಇಷ್ಟು ಹತ್ತಿರದ ಮಾತಿರುವಾಗ ನೀವು 'ಕೆಳಗೆ ಬಿಡು' ಎಂದು ಬರೆದಿರುವುದು ನನಗೆ ಅರ್ಥವಾಗಲಿಲ್ಲ.

ಇಷ್ಟಾದರೂ ನಿಮಗೆ ಬರೆಯಲು ಬರುತ್ತದೆ ಎಂಬುದಕ್ಕೆ ಏಳನೆಯ ಪುಟವೇ ಸಾಕ್ಷಿ. ಕಕ್ಕಬ್ಬೆಯ ಹೋಂಸ್ಟೇಯಲ್ಲಿ ನೀವು ಊಟ ಬಡಿಸುತ್ತಿದ್ದಿರಿ. ಹೊರಗೆ ಮಳೆ ಸುರಿಯುತ್ತಿತ್ತು. ಮರುದಿನದ ತಡಿಯಂಡಮೋಳ್ ಬೆಟ್ಟದ ಚಾರಣದ ಬಗ್ಗೆ ಅತಿಥಿಯೊಬ್ಬರು 'ಲೆಟ್ಸ್ ಪುಟ್ ಇಟ್ ಆಫ್' ಎಂದರು. ನೀವು ಹೋಗಿ ಜಗಲಿಯ ದೀಪ ಆರಿಸಿದಿರಿ. ಕತ್ತಲಲ್ಲಿ ಯಾರದೋ ಚಮಚ ತಟ್ಟೆಗೆ ಬಡಿದ ಸದ್ದನ್ನು ಸಹ ಬಿಡದೆ ದಾಖಲಿಸಿದ್ದೀರಿ. ನಮ್ಮ ಕಡೆ 'ಪುಟ್ ಆಫ್' ಎಂದರೆ ದೀಪವೇ ತಾನೇ! ಅವರು ಹೇಳಿದ್ದು ಮುಂದೂಡೋಣ ಎಂದು. ಲೇಖನ ಇಲ್ಲಿಂದಲೇ ಶುರುವಾಗಬೇಕು.

ಆ ಅತಿಥಿಯ ಮಾತನ್ನೇ ಗಮನಿಸಿದ್ದರೆ ಮೂರನೆಯ ಪುಟದ 'ಪುಟ್ ಆಫ್ ಇಟ್' ಎಂಬ ತಪ್ಪೂ ಆಗುತ್ತಿರಲಿಲ್ಲ. ಇಂಥ ಕಡೆ 'ಇಟ್' ನಡುವೆಯೇ ಬರಬೇಕು. 'ಲುಕ್ ಆಫ್ಟರ್ ಇಟ್' ಎಂಬಂಥವು ಮಾತ್ರ ಒಡೆಯುವುದಿಲ್ಲ. ಇದನ್ನು ಎರಡು ವಾಕ್ಯದಲ್ಲಿ ಹೇಳಿದರೆ ಸಾಕು.

ಪಟ್ಟಿಯಿಂದ ಐದಾರನ್ನು ಮಾತ್ರ ಉಳಿಸಿಕೊಂಡು, ಪ್ರತಿಯೊಂದನ್ನೂ ನೀವು ಎಲ್ಲಿ, ಯಾರ ಬಾಯಲ್ಲಿ ಕೇಳಿದಿರೋ ಅಲ್ಲಿಯೇ ಇಟ್ಟು ನಾಲ್ಕು ಪುಟದೊಳಗೆ ಮತ್ತೆ ಬರೆದು ಕಳುಹಿಸಿ. ಹಸ್ತಪ್ರತಿಯನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಏಳನೆಯ ಪುಟದ ಮೂಲೆಯನ್ನು ಮಡಿಚಿದ್ದೇನೆ.

ಇಂತು,
ಸಂಪಾದಕ, ಮಡಿಕೇರಿ