ಎಂಬತ್ತು ಕೆಜಿ ಪೇಷಂಟನ್ನು ಎತ್ತುವ ಸರಿಯಾದ ರೀತಿ ಯಾವುದು?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ವಯಸ್ಸು 36. ಆರು ತಿಂಗಳಿಂದ ಸೊಂಟ ನೋವು. ನೈಟ್ ಡ್ಯೂಟಿ ಮುಗಿಸಿ ವಿಜಯನಗರದಲ್ಲಿ ಬಸ್ ಇಳಿಯುವಾಗ ಜೀವ ಹೋದ ಹಾಗಾಗುತ್ತದೆ. ಟ್ರೈನಿಂಗ್‌ನಲ್ಲಿ ಮಂಡಿ ಬಗ್ಗಿಸಿ ಎತ್ತಿ ಅಂದರು. ಹಾಗೇ ಮಾಡುತ್ತಿದ್ದೇನೆ, ನೋವು ಹೋಗಿಲ್ಲ. ಬೆಲ್ಟ್ ಹಾಕಿಕೊಳ್ಳಲಾ? ಈ ಕೆಲಸ ಇನ್ನೆಷ್ಟು ದಿನ ನನ್ನ ಕೈಲಾಗುತ್ತದೋ ಅಂತ ಭಯ.

ಉತ್ತರ: ಸಿಸ್ಟರ್, ನಿಮ್ಮ ಎತ್ತುವ ರೀತಿಯಲ್ಲಿ ತಪ್ಪು ಹುಡುಕುವುದನ್ನು ಮೊದಲು ಬಿಡಿ. ಮಂಡಿ ಬಗ್ಗಿಸುವ ಪಾಠ ನೆಲದ ಮೇಲಿನ ಅಕ್ಕಿ ಮೂಟೆಗೆ ಸರಿ, ಅದನ್ನು ಎದೆಗೆ ಅಪ್ಪಿಕೊಂಡು ಎದ್ದುಬಿಡಬಹುದು. ಪೇಷಂಟ್ ಮಂಚದ ನಡುಮಧ್ಯೆ ಮಲಗಿರುತ್ತಾರೆ, ಒಂದು ಕಡೆ ಡ್ರಿಪ್ ಸ್ಟ್ಯಾಂಡ್, ಇನ್ನೊಂದು ಕಡೆ ಯೂರಿನ್ ಬ್ಯಾಗ್, ಮಧ್ಯೆ ನೀವು ಕೈ ಚಾಚಿ ಬಗ್ಗಲೇಬೇಕು. ಮಂಡಿ ಬಗ್ಗಿಸೋಕೆ ಮಂಚವೇ ಅಡ್ಡ!

ಲೆಕ್ಕ ನೋಡಿ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಷ್ (NIOSH) ಸಂಸ್ಥೆಯ ಸೂತ್ರದಲ್ಲಿ, ಎಲ್ಲ ಅನುಕೂಲ ಇದ್ದಾಗಲೂ ಎತ್ತುವ ಭಾರದ ಮಿತಿ 23 ಕೆಜಿ. ಪೇಷಂಟ್‌ಗಳ ವಿಷಯಕ್ಕೆ ಬಂದರೆ 2007ರಲ್ಲಿ ಸೂಚಿಸಿದ ಮಿತಿ ಸುಮಾರು 16 ಕೆಜಿ. ಎಂಬತ್ತು ಕೆಜಿ ಮನುಷ್ಯನ ಒಂದು ಕಾಲೇ ಹನ್ನೆರಡು ಹದಿಮೂರು ಕೆಜಿ ತೂಗುತ್ತದೆ. ಅಂದಮೇಲೆ ಇಡೀ ಮನುಷ್ಯನನ್ನು ಎತ್ತುವ ಸರಿಯಾದ ರೀತಿ ಅಂತ ಒಂದಿಲ್ಲ. ಎತ್ತಬೇಡಿ, ಜಾರಿಸಿ.

ಸ್ಲೈಡ್ ಶೀಟ್, ಅಂದರೆ ಪೇಷಂಟ್ ಕೆಳಗೆ ಹಾಸುವ ನುಣುಪಾದ ಜಾರು ಬಟ್ಟೆ, ಇದ್ದರೆ ತುಂಬಾ ಒಳ್ಳೆಯದು. ಇಲ್ಲದಿದ್ದರೆ ಪೇಷಂಟ್ ಕೆಳಗೆ ಅಡ್ಡಲಾಗಿ ಹಾಸಿರುವ ಡ್ರಾ ಶೀಟಿನ ಅಂಚನ್ನೇ ಸುತ್ತಿ ಪೇಷಂಟಿನ ಮೈಗೆ ಹತ್ತಿರ ಹಿಡಿಯಿರಿ, ಎರಡು ಕಡೆ ಇಬ್ಬರು. ಅದಕ್ಕೆ ಮೊದಲು ಮಂಚ ನಿಮ್ಮ ಸೊಂಟದ ಮಟ್ಟಕ್ಕೆ ಬರಲಿ, ತಲೆ ಕಡೆ ಸಮತಟ್ಟಾಗಲಿ. ಉಸಿರಾಟದ ತೊಂದರೆ ಇರುವವರನ್ನು ಮಾತ್ರ ಕೇಳದೆ ಮಲಗಿಸಬೇಡಿ. ಪೇಷಂಟ್‌ಗೆ ಎಚ್ಚರ ಇದ್ದರೆ ಮಂಡಿ ಮಡಚಿ ಹಿಮ್ಮಡಿಯಿಂದ ಒತ್ತೋಕೆ ಹೇಳಿ, ಅರ್ಧ ಕೆಲಸ ಅವರೇ ಮಾಡುತ್ತಾರೆ. ಇನ್ನೊಂದು ವಿಷಯ, ಇದನ್ನು ಯಾರೂ ಹೇಳಿಕೊಡಲ್ಲ. ಊಟಕ್ಕೆ ಅಂತ ತಲೆ ಕಡೆ ಏರಿಸುವ ಮೊದಲು ಮಂಡಿ ಕಡೆಯನ್ನು ಸ್ವಲ್ಪ ಏರಿಸಿ. ಆಗ ಪೇಷಂಟ್ ಕೆಳಕ್ಕೆ ಜಾರುವುದೇ ಕಡಿಮೆ. ಜಾರದವರನ್ನು ಮತ್ತೆ ಮೇಲಕ್ಕೆ ಎಳೆಯುವ ಕೆಲಸ ಇಲ್ಲವಲ್ಲ.

ಡ್ರಿಪ್‌ಗೆ ಅಂತ ರಕ್ತನಾಳಕ್ಕೆ ಕ್ಯಾನುಲಾ ಹಾಕುವಾಗ ಸ್ಟೂಲ್ ಎಳೆದುಕೊಂಡು ಕೂತುಕೊಳ್ಳಿ. ನಿಂತು ಬಗ್ಗಿದರೆ ಯಾರೂ ಪ್ರಶಸ್ತಿ ಕೊಡಲ್ಲ.

ಬೆಲ್ಟ್ ಸುಮ್ನೆ ಖರ್ಚು. ನೋವು ಬಾರದ ಹಾಗೆ ಅದು ತಡೆಯುತ್ತದೆ ಅನ್ನುವುದಕ್ಕೆ ಸರಿಯಾದ ಆಧಾರ ಇಲ್ಲ ಅಂತ ನಿಯೋಷ್ 1994ರಲ್ಲೇ ಹೇಳಿತ್ತು. ಆದರೆ ಆರು ತಿಂಗಳ ನೋವು ಅಂದರೆ ಡಾಕ್ಟರಿಗೆ ತೋರಿಸಲೇಬೇಕು. ಕಾಲಿನಲ್ಲಿ ಶಕ್ತಿ ಕಡಿಮೆಯಾದರೆ, ತೊಡೆಯ ಒಳಭಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಅವತ್ತೇ ಹೋಗಿ, ಡ್ಯೂಟಿ ಮುಗಿಯಲಿ ಅಂತ ಕಾಯಬೇಡಿ.

ಇನ್ನು ನಿಮ್ಮ ಭಯದ ಮಾತು. ಫಿನ್ಲೆಂಡಿನವರು 1980ರ ದಶಕದಲ್ಲಿ ವರ್ಕ್ ಎಬಿಲಿಟಿ ಇಂಡೆಕ್ಸ್ ಅಂತ ಒಂದು ಪ್ರಶ್ನಾವಳಿ ಮಾಡಿದರು, 7ರಿಂದ 49 ಅಂಕ, 28ಕ್ಕಿಂತ ಕಡಿಮೆ ಬಂದರೆ ಕೆಲಸದ ಸಾಮರ್ಥ್ಯ ಕುಸಿದಿದೆ ಅಂತ ಅರ್ಥ. ನೀವು ಕೇಳಿದ್ದೇ ಅದರಲ್ಲೂ ಇದೆ: ಈಗಿನ ಆರೋಗ್ಯ ನೋಡಿದರೆ ಇನ್ನೆರಡು ವರ್ಷ ಈ ಕೆಲಸ ಮಾಡಬಲ್ಲಿರಾ? ಮೊದಲ ಪ್ರಶ್ನೆ ಇನ್ನೂ ಸುಲಭ. ನೀವು ತುಂಬಾ ಚೆನ್ನಾಗಿ ಕೆಲಸ ಮಾಡಿದ ಕಾಲಕ್ಕೆ 10 ಕೊಟ್ಟರೆ ಈಗ ಎಷ್ಟು? ಪ್ರತಿ ತಿಂಗಳು ಒಂದೇ ತಾರೀಖಿಗೆ ಬರೆದಿಡಿ, ನೈಟ್ ಡ್ಯೂಟಿ ಎಷ್ಟಿತ್ತು ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ. ಅಂಕ ಇಳಿಯುತ್ತಾ ಹೋದರೆ ಕೆಲಸ ಬಿಡುವ ಮಾತಿಗಿಂತ ಮೊದಲು ವಾರ್ಡ್ ಬದಲಾವಣೆ ಕೇಳಿ. ಓಪಿಡಿ, ಡಯಾಲಿಸಿಸ್ ಅಂತ ಸುಮ್ನೆ ಹಾರಬೇಡಿ, ಅಲ್ಲೂ ಬಗ್ಗುವ ಕೆಲಸ ಎಷ್ಟಿದೆ ಅಂತ ಅಲ್ಲಿನ ಸಿಸ್ಟರ್‌ಗಳನ್ನೇ ಕೇಳಿ.

ನಾನು ನೋಡಿದ ಎಷ್ಟೋ ವಾರ್ಡ್‌ಗಳಲ್ಲಿ ಮಂಚದ ಹ್ಯಾಂಡಲ್ ತಿರುಗುವುದೇ ಇಲ್ಲ, ತುಕ್ಕು ಹಿಡಿದು ಒಂದೇ ಎತ್ತರದಲ್ಲಿ ನಿಂತಿರುತ್ತದೆ, ಎಲ್ಲರೂ ಅದಕ್ಕೇ ಒಗ್ಗಿಕೊಂಡಿರುತ್ತಾರೆ. ನಿಮ್ಮ ವಾರ್ಡಿನಲ್ಲೂ ಹಾಗೇ ಇದ್ದರೆ ಬೆಡ್ ನಂಬರ್ ಹಾಕಿ ಕಂಪ್ಲೇಂಟ್ ರಿಜಿಸ್ಟರಿನಲ್ಲಿ ಬರೆಯಿರಿ, ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಸಹಿ ಹಾಕಿಸಿಕೊಳ್ಳಿ, ಫೋಟೋ ತೆಗೆದಿಟ್ಟುಕೊಳ್ಳಿ. ರಿಪೇರಿ ಆಗುವವರೆಗೆ ಪ್ರತಿ ಹ್ಯಾಂಡ್‌ಓವರ್‌ನಲ್ಲೂ ಆ ಬೆಡ್‌ನ ಹೆಸರು ಎತ್ತುತ್ತಲೇ ಇರಿ.