15ಎಚ್ ಕೊಟ್ಟರೂ ಪಿಂಚಣಿಯಲ್ಲಿ ಟಿಡಿಎಸ್ ಯಾಕೆ?

ಸರ್, 15ಎಚ್ (ತೆರಿಗೆ ಹಿಡಿಯಬೇಡಿ ಅಂತ ಹಿರಿಯ ನಾಗರಿಕರು ಕೊಡುವ ಫಾರ್ಮ್) ಕೊಟ್ಟರೂ ತಂದೆಯವರ ಸರ್ಕಾರಿ ಪಿಂಚಣಿಯಲ್ಲಿ ಬ್ಯಾಂಕಿನವರು ಟಿಡಿಎಸ್ (ಹಣ ಕೊಡುವಾಗಲೇ ಕಳೆಯುವ ತೆರಿಗೆ) ಹಿಡಿದಿದ್ದಾರೆ ಅಂತ ಬರೆದಿದ್ದೀರಿ. ಆ ಫಾರ್ಮ್ ಎಫ್‌ಡಿ ಬಡ್ಡಿಯಂಥದ್ದಕ್ಕೆ. ಪಿಂಚಣಿಯನ್ನು ಕಾನೂನು ಸಂಬಳ ಅಂತಲೇ ನೋಡುತ್ತದೆ, ಅದಕ್ಕೆ 15ಎಚ್ ನಡೆಯುವುದಿಲ್ಲ.

2025-26ರ ಹಣಕಾಸು ವರ್ಷಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಬಡ್ಡಿಯೂ ಸೇರಿ 12 ಲಕ್ಷ ದಾಟದಿದ್ದರೆ ತೆರಿಗೆ ಇಲ್ಲ. ಷೇರು, ಜಾಗ ಮಾರಿದ ಲಾಭದ ಲೆಕ್ಕ ಬೇರೆ. ರಿಟರ್ನ್ ಹಾಕಿ, ಹಿಡಿದ ಹಣ ವಾಪಸ್ ಬರುತ್ತದೆ.

ಸ್ಲಿಪ್‌ನಲ್ಲಿ ‘ಕಮ್ಯುಟೇಶನ್’ ಅಂತ ಇನ್ನೊಂದು ಕಡಿತ ಇರುತ್ತೆ ನೋಡಿ. ನಮ್ಮಪ್ಪ ಅದನ್ನೂ ತೆರಿಗೆ ಅಂದುಕೊಂಡು ಸುಮ್ನೆ ಕೊರಗುತ್ತಿದ್ದರು. ಅದು ನಿವೃತ್ತಿಯಾದಾಗ ಪಿಂಚಣಿಯ ಒಂದು ಪಾಲನ್ನು ಮುಂಗಡವಾಗಿ ಒಟ್ಟಿಗೆ ಪಡೆದ ಹಣದ ಬಾಬ್ತು, 15 ವರ್ಷ ಹೋಗುತ್ತದೆ. ಆ ಇಡಿಗಂಟಿಗೆ ಸರ್ಕಾರಿ ನೌಕರರಿಗೆ ತೆರಿಗೆಯೇ ಇಲ್ಲ. ಬ್ಯಾಂಕಿನಿಂದ ಫಾರ್ಮ್ 16 (ಹಿಡಿದ ತೆರಿಗೆಯ ಪ್ರಮಾಣಪತ್ರ) ಕೇಳಿ ಪಡೆದು, 26ಎಎಸ್ (ನಿಮ್ಮ ಹೆಸರಲ್ಲಿ ಜಮೆಯಾದ ತೆರಿಗೆಯ ಇಲಾಖೆ ಪಟ್ಟಿ) ಜೊತೆ ತಾಳೆ ನೋಡಿ.